ಒಂಬತ್ತನೆಯ ವಚನ

ಬೈಬಲಿನ 137ನೆಯ ಕೀರ್ತನೆ ನದಿಯ ದಂಡೆಯಲ್ಲಿ ಶುರುವಾಗುತ್ತದೆ. ಯೆರೂಸಲೇಮಿನಿಂದ ಸೆರೆಯಾಗಿ ಬಂದವರು ಬಾಬೆಲಿನ ನೀರಿನ ಪಕ್ಕ ಕೂತು ಊರನ್ನು ನೆನೆದು ಅಳುತ್ತಿದ್ದಾರೆ. ಕಿನ್ನರಿಗಳು ಮರದಲ್ಲಿ ತೂಗುತ್ತಿವೆ. ಹಿಡಿದು ತಂದವರು, ನಿಮ್ಮ ಊರಿನದೊಂದು ಹಾಡು ಹೇಳಿ ಎಂದು ಕೆಣಕುತ್ತಾರೆ. ಒಟ್ಟು ಒಂಬತ್ತೇ ವಚನ. ಏಳನೆಯದರಲ್ಲಿ ಅಳು ಶಾಪಕ್ಕೆ ತಿರುಗುತ್ತದೆ. ಒಂಬತ್ತನೆಯದು, ಬಾಬೆಲಿನ ಹಸುಗೂಸುಗಳನ್ನು ಬಂಡೆಗೆ ಅಪ್ಪಳಿಸುವವನನ್ನು ಹರಸುತ್ತದೆ. ಕನ್ನಡ ಬೈಬಲು ಅಲ್ಲಿ ಬಳಸುವ ಪದ ‘ಧನ್ಯ’. ಬೆಟ್ಟದ ಮೇಲೆ ಕೂತು ಯೇಸು ಕರುಣೆಯುಳ್ಳವರನ್ನು ಹರಸಿದ್ದೂ ಇದೇ ಪದದಿಂದ. ಕನ್ನಡದ ಕಿವಿಗೆ ಎರಡೂ ಒಟ್ಟಿಗೇ ಕೇಳಿಸುತ್ತವೆ. ಒಮ್ಮೆ ಕೇಳಿಸಿದರೆ ಮರೆಯುವುದು ಕಷ್ಟ.

ಹೆಚ್ಚಿನವರು ಆರನೆಯ ವಚನಕ್ಕೇ ನಿಲ್ಲಿಸುತ್ತಾರೆ. 1852ರ ಜುಲೈ 5ರಂದು ಅಮೆರಿಕದ ರೋಚೆಸ್ಟರಿನಲ್ಲಿ, ಗುಲಾಮಗಿರಿಯಿಂದ ತಪ್ಪಿಸಿಕೊಂಡು ಬಂದಿದ್ದ ಫ್ರೆಡರಿಕ್ ಡಗ್ಲಸ್ ತಮ್ಮ ಭಾಷಣದಲ್ಲಿ ಈ ಕೀರ್ತನೆಯನ್ನು ಓದಿದರು, ಆರಕ್ಕೆ ನಿಲ್ಲಿಸಿದರು. 1978ರಲ್ಲಿ ಬೋನಿ ಎಂ ತಂಡ ಜಗತ್ತಿಗೆಲ್ಲ ಕೇಳಿಸಿದ ಹಾಡಿನಲ್ಲೂ ಕೂಸುಗಳಿಲ್ಲ. ರೋಮನ್ ಕಥೋಲಿಕ ಸಭೆ 1971ರಲ್ಲಿ ಪರಿಷ್ಕರಿಸಿದ ನಿತ್ಯಪ್ರಾರ್ಥನೆಯ ಪುಸ್ತಕದಿಂದ ಕೊನೆಯ ಮೂರು ವಚನಗಳನ್ನು ಕೈಬಿಟ್ಟಿತು. ಈ ಹಿಂಜರಿಕೆ ನನಗೆ ಅರ್ಥವಾಗುತ್ತದೆ. ಆದರೂ, ಕಣ್ಣಿಗೊತ್ತಿಕೊಂಡ ಗ್ರಂಥವನ್ನು ಅಲ್ಲಲ್ಲಿ ಬೆರಳು ಮುಚ್ಚಿಕೊಂಡು ಎಷ್ಟು ದಿನ ಓದುವುದು?

ಮುಚ್ಚದೆ ದಾಟುವ ದಾರಿಯೊಂದು ಬಹಳ ಹಿಂದೆಯೇ ಸಿಕ್ಕಿತ್ತು. ಹೀಬ್ರೂ ಧರ್ಮಗ್ರಂಥದ ದೇವರೇ ಬೇರೆ, ಯೇಸುವಿನ ತಂದೆಯೇ ಬೇರೆ ಎಂದು ಎರಡನೆಯ ಶತಮಾನದಲ್ಲಿ ಮಾರ್ಸಿಯನ್ ಎಂಬ ಕ್ರೈಸ್ತ ಬೋಧಕ ವಾದಿಸಿದ್ದ. ಹಳೆಯದನ್ನು ಎಸೆಯಲೊಪ್ಪದವರು ಅದಕ್ಕೊಂದು ಒಳಾರ್ಥ ಹುಡುಕಬೇಕಾಯಿತು. ಮೂರನೆಯ ಶತಮಾನದಲ್ಲಿ ಕ್ರೈಸ್ತ ಪಂಡಿತ ಒರಿಜೆನ್, ಕೆಲ್ಸಸ್ ಎಂಬ ಟೀಕಾಕಾರನಿಗೆ ಉತ್ತರ ಬರೆಯುತ್ತ, ಬಾಬೆಲಿನ ಕೂಸುಗಳೆಂದರೆ ಮನಸ್ಸಿನಲ್ಲಿ ಆಗತಾನೇ ಹುಟ್ಟಿದ ಕೆಟ್ಟ ಯೋಚನೆಗಳು ಎಂದರು. ಬಂಡೆಯೆಂದರೆ ಕ್ರಿಸ್ತ ಎಂದು ಸಂತ ಅಗಸ್ಟೀನರು ವಿವರಿಸಿದರು. ಆರನೆಯ ಶತಮಾನದ ಸಂತ ಬೆನೆಡಿಕ್ಟರ ಮಠನಿಯಮದಲ್ಲೂ ಈ ಅರ್ಥ ಸೇರಿಕೊಂಡಿತು. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಎನ್ನುವ ನಮಗೆ ಇದು ಸುಲಭವಾಗಿ ಹಿಡಿಸುತ್ತದೆ. ತಮ್ಮ ಮನಸ್ಸನ್ನು ತಾವೇ ಕಾಯಲು ತಲೆಮಾರುಗಟ್ಟಲೆ ಸನ್ಯಾಸಿಗಳಿಗೆ ಇದು ನೆರವಾಯಿತು. ಅದನ್ನು ಹಗುರವಾಗಿ ಕಾಣಲಾರೆ.

ಆದರೆ ನಮ್ಮ ಅಲಂಕಾರಶಾಸ್ತ್ರ ಒಂದು ಷರತ್ತು ಹಾಕುತ್ತದೆ: ನೇರ ಅರ್ಥ ಕೂಡಿಬರದಿದ್ದಾಗ ಮಾತ್ರ ಬೇರೆ ಅರ್ಥಕ್ಕೆ ಹೋಗಬೇಕು. ‘ಗಂಗೆಯಲ್ಲಿ ಹಳ್ಳಿ’ ಎಂದರೆ ಹರಿಯುವ ನೀರಿನಲ್ಲಿ ಹಳ್ಳಿ ಇರಲಾರದು, ಹಾಗಾಗಿ ದಡ. ಇಲ್ಲಿ ನೇರ ಅರ್ಥಕ್ಕೆ ಯಾವ ಅಡ್ಡಿಯಿದೆ? ಗೆದ್ದ ಸೈನಿಕರು ಕೂಸುಗಳನ್ನು ಬಂಡೆಗೆ ಬಡಿದು ಕೊಲ್ಲುತ್ತಿದ್ದರು. ಅರಸುಗಳ ಎರಡನೆಯ ಗ್ರಂಥದಲ್ಲಿ ಪ್ರವಾದಿ ಎಲೀಷ, ಅರಾಮ್ ದೇಶದ ಹಜಾಯೇಲನ ಮುಖವನ್ನೇ ನೋಡುತ್ತ ಅತ್ತದ್ದು, ಮುಂದೆ ಅವನು ಮಾಡಲಿದ್ದ ಈ ಕೆಲಸ ಕಂಡು. ಯೆರೂಸಲೇಮ್ ಬಿದ್ದಾಗ ಅರಸ ಚಿದ್ಕೀಯನ ಕಣ್ಣೆದುರೇ ಅವನ ಮಕ್ಕಳನ್ನು ಕೊಂದು, ಆಮೇಲೆ ಅವನ ಕಣ್ಣು ಕಿತ್ತರು ಎಂದು ಅದೇ ಗ್ರಂಥ ಹೇಳುತ್ತದೆ. ಕೀರ್ತನೆಯ ಎಂಟನೆಯ ವಚನವೂ, ನೀನು ನಮಗೆ ಮಾಡಿದ್ದು ನಿನಗಾಗಲಿ ಎಂಬರ್ಥದ್ದು. ಮಾಡಿದ್ದೇನು ಎಂದು ಒಂಬತ್ತನೆಯದು ಬಾಯಿಬಿಟ್ಟು ಹೇಳುತ್ತಿದೆ. ಬಾಬೆಲಿನ ಕೂಸುಗಳನ್ನು ಕೆಟ್ಟ ಯೋಚನೆಗಳೆಂದು ಓದಿದ ಗಳಿಗೆಯಲ್ಲೇ ಯೆರೂಸಲೇಮಿನಲ್ಲಿ ಸತ್ತ ಕೂಸುಗಳೂ ಪುಟದಿಂದ ಮರೆಯಾಗುತ್ತವೆ. ಒರಿಜೆನ್ ದೇವರ ಮಾನ ಉಳಿಸಿದರು, ಮಕ್ಕಳನ್ನು ಕಳೆದುಕೊಂಡವರ ಮಾತು ಉಳಿಯಲಿಲ್ಲ.

ಹಾಗೆಂದು ವಾಚ್ಯಾರ್ಥವೇ ದೇವರ ಅಪ್ಪಣೆ ಎನ್ನುವವರ ಜೊತೆ ನಾನು ಒಂದು ಹೆಜ್ಜೆಯೂ ಇಡಲಾರೆ. ಈ ಕೀರ್ತನೆಯಲ್ಲಿ ದೇವರು ಬಾಯಿ ತೆರೆಯುವುದೇ ಇಲ್ಲ. ಅವನನ್ನು ಕರೆಯುತ್ತಾರೆ, ನೆನಪಿಟ್ಟುಕೋ ಎನ್ನುತ್ತಾರೆ, ಉತ್ತರ ಬರುವುದಿಲ್ಲ. ಸಂತ ಕ್ರಿಸೊಸ್ತೋಮರು ಇದನ್ನು ಸರಿಯಾಗಿ ಗುರುತಿಸಿದ್ದರು: ಇದು ಸೆರೆಯಾಳುಗಳ ಸಂಕಟದ ಮಾತು, ಪ್ರವಾದಿಗಳು ಎಷ್ಟೋ ಸಲ ಬೇರೆಯವರ ಒಡಲುರಿಯನ್ನು ದಾಖಲಿಸುತ್ತಾರೆ ಎಂದು ಅವರ ವಿವರಣೆ. ನನಗೆ ಒಪ್ಪಿಗೆಯಾದ ಓದು ಇದೇ. ಕೂಸು ಕಳೆದುಕೊಂಡ ತಾಯಿ ಬೀದಿಯಲ್ಲಿ ನಿಂತು ಹಿಡಿಮಣ್ಣು ತೂರಿ ಶಾಪ ಹಾಕಿದರೆ, ಅದಕ್ಕೆ ವೇದಾಂತದ ಅರ್ಥ ಹಚ್ಚಲು ಯಾರೂ ಹೋಗುವುದಿಲ್ಲ. ಅವಳ ಶಾಪವನ್ನು ಕಾನೂನು ಮಾಡಿಕೊಂಡು ಕತ್ತಿ ಹಿಡಿಯುವುದೂ ಇಲ್ಲ. ಪಕ್ಕದಲ್ಲಿ ನಿಂತು ಕೇಳಿಸಿಕೊಳ್ಳುತ್ತೇವೆ. ಹಾಗೆ ಕೇಳಿಸಿಕೊಂಡಾದ ಮೇಲೆ ಒಬ್ಬ ಸನ್ಯಾಸಿ ತನ್ನ ಕೋಣೆಯಲ್ಲಿ ಕೂತು ಆ ಮಾತನ್ನು ತನ್ನ ಮನಸ್ಸಿನ ಕಡೆಗೆ ತಿರುಗಿಸಿಕೊಂಡರೆ ನನ್ನ ಆಕ್ಷೇಪವಿಲ್ಲ. ಅದು ಎರಡನೆಯ ಓದು. ಮೊದಲನೆಯದರ ಜಾಗಕ್ಕೆ ಬರುವಂತಿಲ್ಲ.

ಆದ್ದರಿಂದ, ಚರ್ಚಿನಲ್ಲೋ ಮನೆಯಲ್ಲೋ ಈ ಕೀರ್ತನೆ ಓದುವವರು ದಯವಿಟ್ಟು ಆರಕ್ಕೆ ನಿಲ್ಲಿಸಬೇಡಿ. ಮುಂದಿನ ಮೂರನ್ನೂ ನಿಧಾನವಾಗಿ ಓದಿ. ಓದಿದ ಮೇಲೆ ಇದೂ ಗೊತ್ತಿರಲಿ: ಕ್ರಿ.ಪೂ. 539ರಲ್ಲಿ ಪರ್ಷಿಯದ ಕೋರೆಷನಿಗೆ ಬಾಬೆಲ್ ಸೋತಿತು. ಅದಕ್ಕೆ ಮೊದಲು ಓಪಿಸ್ ಬಳಿ ಕಾಳಗ ನಡೆದಿತ್ತು. ಬಾಬೆಲಿನೊಳಕ್ಕೆ ಮಾತ್ರ ಅವನ ಸೇನೆ ಯುದ್ಧವಿಲ್ಲದೆ ಬಂದಿತು ಎಂದು, ಈಗ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿರುವ ಜೇಡಿಮಣ್ಣಿನ ಹಲಗೆಯೊಂದು ಹೇಳುತ್ತದೆ.