ಅಂಚಿಗೂ ಅಗಲ ಬೇಕು

ರೇಖಾಗಣಿತದ ಗೆರೆಗೆ ಉದ್ದವಿದೆ, ಅಗಲವಿಲ್ಲ. ಕಾಗದದ ಮೇಲೆ ಈ ಮಾತು ಸಲ್ಲುತ್ತದೆ, ನೆಲಕ್ಕಿಳಿದರೆ ಸಲ್ಲುವುದಿಲ್ಲ. ಗೋಕಾಕ, ಮೂಡಲಗಿ, ಹುಕ್ಕೇರಿಗಳ ಘಟಪ್ರಭಾ ಸೀಮೆಯಲ್ಲಿ ಹೊಲ ಎಲ್ಲಿ ಮುಗಿಯುತ್ತದೆ, ಹೊಳೆ ಎಲ್ಲಿ ಮುಗಿಯುತ್ತದೆ, ರಾಜ್ಯ ಎಲ್ಲಿ ಮುಗಿಯುತ್ತದೆ ಎಂದು ಹುಡುಕುತ್ತ ಹೋದರೆ ಸಿಗುವುದು ಗೆರೆಯಲ್ಲ, ಒಂದು ಪಟ್ಟಿ. ಆ ಪಟ್ಟಿ ಯಾರದು ಎಂದು ಜಗಳವಾಡುತ್ತೇವೆ. ಅದನ್ನು ಕಾಯುವವರು ಯಾರು ಎಂದು ಕೇಳುವುದು ಅಪರೂಪ.

ಹೊಲದ ಬದುವನ್ನೇ ನೋಡಿ. ಸರ್ವೆ ನಕ್ಷೆಯಲ್ಲಿ ಅದು ಕೂದಲೆಳೆಯಷ್ಟು ಗೆರೆ. ಹೊಲದಲ್ಲಿ ಅದರ ಮೇಲೆ ಹುಲ್ಲು ಬೆಳೆಯುತ್ತದೆ, ಬೇವು, ಜಾಲಿ ನಿಲ್ಲುತ್ತವೆ, ಕಾಲುದಾರಿ ಹಾಯುತ್ತದೆ. ಸ್ವಂತ ಹೊಲವಿಲ್ಲದವರ ಆಡುಗಳೂ ಅಲ್ಲಿ ಮೇಯುತ್ತವೆ. ಮಳೆನೀರನ್ನು ತಡೆದು ಇಂಗಿಸುವುದೂ ಅದೇ. ಬದುವನ್ನು ಕೊರೆದು ಉತ್ತವನಿಗೆ ಎರಡು ಸಾಲು ಹೆಚ್ಚು ಸಿಗಬಹುದು. ಆದರೆ ಮುಂದಿನ ದೊಡ್ಡ ಮಳೆಗೆ ಅವನದೇ ಎರೆಮಣ್ಣು ಹಳ್ಳಕ್ಕೆ ಹೋಗುತ್ತದೆ.

ಹೊಳೆಯ ಅಂಚಂತೂ ಒಂದೆಡೆ ನಿಲ್ಲುವುದೇ ಇಲ್ಲ. ಹಿಡಕಲ್‌ನ ರಾಜಾ ಲಖಮಗೌಡ ಜಲಾಶಯದಲ್ಲಿ ಸುಮಾರು 51 ಟಿಎಂಸಿ ನೀರು ಹಿಡಿಯುತ್ತದೆ. ಅದು ತುಂಬಿದಾಗ ಹುನ್ನೂರಿನ ವಿಠ್ಠಲ ಗುಡಿ ಮುಳುಗುತ್ತದೆ. ಬೇಸಿಗೆಯಲ್ಲಿ ನೀರು ಇಳಿದರೆ ಗುಡಿ ಮತ್ತೆ ಮೇಲೇಳುತ್ತದೆ, ಭಕ್ತರು ನಡೆದು ಹೋಗಿ ಕೈಮುಗಿಯುತ್ತಾರೆ. ಆ ಗುಡಿ ದಂಡೆಯಲ್ಲಿದೆಯೋ ನೀರಿನಲ್ಲಿದೆಯೋ ಎಂದರೆ ತಿಂಗಳು ನೋಡಿ ಉತ್ತರಿಸಬೇಕು. ಕೆಳಗೆ ಧೂಪದಾಳದಲ್ಲಿ 19ನೇ ಶತಮಾನದ ಕೊನೆಯಲ್ಲಿ ಕಟ್ಟಿದ ಒಡ್ಡಿನ ಹಿಂದೆ ನಿಂತ ನೀರಿನ ಸುತ್ತ ಪಕ್ಷಿಧಾಮವಿದೆ. ಚಳಿಗಾಲಕ್ಕೆ ದೂರದಿಂದ ಬರುವ ಹಕ್ಕಿಗಳಲ್ಲಿ ಹಲವಕ್ಕೆ ಬೇಕಾದದ್ದು ಆಳದ ನೀರಲ್ಲ, ಒಣನೆಲವೂ ಅಲ್ಲ. ಎರಡರ ನಡುವಿನ ಕೆಸರಿನಲ್ಲೇ ಅವುಗಳ ಊಟ.

ಈ ನಡುವಿನ ಪಟ್ಟಿಯನ್ನು ಮರೆತರೆ ಏನಾಗುತ್ತದೆಂದು 2019ರ ಆಗಸ್ಟ್ ತೋರಿಸಿತು. ಘಟಪ್ರಭೆ, ಮಾರ್ಕಂಡೇಯ ಎರಡೂ ಉಕ್ಕಿ ಗೋಕಾಕದ ಓಣಿಗಳಿಗೆ ನೀರು ಬಂತು, ಲೋಳಸೂರ ಸೇತುವೆ ಮುಳುಗಿತು. ಹೊಳೆ ತನ್ನ ಗೆರೆ ದಾಟಿತು ಎಂದೆವು. ಆದರೆ ಆ ಗೆರೆಯನ್ನು ಎಳೆದವರು ಬೇಸಿಗೆಯ ಹೊಳೆಯನ್ನು ಕಂಡ ನಾವು. ದೊಡ್ಡ ಮಳೆಯ ನೀರು ಹೋಗಿಬರುವ ಜಾಗವೆಲ್ಲ ಹೊಳೆಯ ದಂಡೆಯೇ.

ಹಾಗಾದರೆ ಗೆರೆಗಳೇ ಬೇಡವೇ? ಇಲ್ಲಿ ಒಂದು ಗಟ್ಟಿ ಆಕ್ಷೇಪವಿದೆ. ಗೆರೆ ಮಸುಕಾದರೆ ಲಾಭ ಬಲವುಳ್ಳವನಿಗೆ. ವರ್ಷವರ್ಷವೂ ಒಂದೊಂದು ಗೇಣು ಬದು ಕೊರೆಯುವುದು ಟ್ರ್ಯಾಕ್ಟರ್ ಇದ್ದವನೇ ಹೊರತು ಆಡು ಮೇಯಿಸುವವನಲ್ಲ. ಬಡವನ ಪಾಲಿಗೆ ಸರ್ವೆ ಕಲ್ಲು ದೊಡ್ಡ ಆಸರೆ. ಈ ಆಕ್ಷೇಪವನ್ನು ನಾನು ಒಪ್ಪುತ್ತೇನೆ. ಆದರೆ ಅದು ಹೇಳುವುದು ಗೆರೆ ಬೇಕು ಎಂದಷ್ಟೇ, ಪಟ್ಟಿ ಬೇಡ ಎಂದಲ್ಲ. ಬದುವಿನ ನಡುಮಧ್ಯೆ ಗೆರೆ ಹಾಯುತ್ತದೆ. ಇತ್ತ ಅರ್ಧ ಇವನು ಬಿಟ್ಟದ್ದು, ಅತ್ತ ಅರ್ಧ ಅವನು ಬಿಟ್ಟದ್ದು. ಯಾರೆಷ್ಟು ಬಿಡಬೇಕು ಎಂದು ಹೇಳಲು ಗೆರೆ ಬೇಕು. ಬಿಟ್ಟದ್ದನ್ನು ಇಬ್ಬರೂ ಉಳಬಾರದು ಎಂಬುದು ಆ ಗೆರೆಯ ಜೊತೆಗಿರಬೇಕಾದ ಕರಾರು.

ರಾಜ್ಯದ ಗಡಿಗೂ ಇದನ್ನೇ ಹೇಳಬಹುದು. 1956ರ ನವೆಂಬರ್ 1ರಂದು ಬೆಳಗಾವಿ ಜಿಲ್ಲೆ ಮೈಸೂರು ರಾಜ್ಯಕ್ಕೆ ಬಂತು, ಅದರ ಚಂದಗಡ ತಾಲ್ಲೂಕು ಮುಂಬಯಿ ರಾಜ್ಯದಲ್ಲೇ ಉಳಿಯಿತು. ಮುಂದೆ ಈ ಗಡಿಯ ತಂಟೆ ಬಿಡಿಸಲು ನೇಮಿಸಿದ ಮಹಾಜನ ಆಯೋಗ 1967ರಲ್ಲಿ ವರದಿ ಕೊಟ್ಟಿತು. 2004ರಲ್ಲಿ ಮಹಾರಾಷ್ಟ್ರ ಸುಪ್ರೀಂ ಕೋರ್ಟ್ ಮೆಟ್ಟಿಲೇರಿತು. ಇಷ್ಟರಲ್ಲೂ ಹಿರಣ್ಯಕೇಶಿ ಹೊಳೆ ಮಹಾರಾಷ್ಟ್ರದ ಗಡಹಿಂಗ್ಲಜ ದಾಟಿ ಸಂಕೇಶ್ವರಕ್ಕೆ ಬಂದು ಘಟಪ್ರಭೆ ಸೇರುವುದು ನಿಂತಿಲ್ಲ. ಸಂಕೇಶ್ವರದ ಪೇಟೆಯಲ್ಲಿ ಕನ್ನಡ, ಮರಾಠಿ ಎರಡರಲ್ಲೂ ವ್ಯಾಪಾರ ನಡೆಯುವುದೂ ನಿಂತಿಲ್ಲ.

ಗಡಿ ಎಳೆದ ಆ ವರ್ಷವೇ ಸಂವಿಧಾನಕ್ಕೆ 350ಎ ವಿಧಿ ಸೇರಿತು ಎಂಬುದು ನಮಗೆ ಅಷ್ಟಾಗಿ ನೆನಪಿರುವುದಿಲ್ಲ. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ತಾಯ್ನುಡಿಯ ಕಲಿಕೆಗೆ ಸೌಲಭ್ಯ ಒದಗಿಸಲು ಪ್ರತಿ ರಾಜ್ಯವೂ ಯತ್ನಿಸಬೇಕು ಎನ್ನುತ್ತದೆ ಅದು. ರಾಜ್ಯಗಳ ನಡುವೆ ಬದು ಬಿಡಿ ಎಂದು ಸಂವಿಧಾನ ಹೇಳಿದ್ದು ಹೀಗೆ. ಗಡಿಯಾಚೆಯ ಜತ್ತ, ಅಕ್ಕಲಕೋಟೆಗಳ ಕನ್ನಡ ಶಾಲೆಯೂ ಬೆಳಗಾವಿಯ ಮರಾಠಿ ಶಾಲೆಯೂ ಆ ಬದುವಿನ ಮೇಲೆ ನಿಂತಿವೆ. ಆಚೆಯ ಕನ್ನಡ ಶಾಲೆ ಉಳಿಯಲಿ ಎಂದು ಕೇಳುವವರು ಈಚೆಯ ಮರಾಠಿ ಶಾಲೆಯನ್ನೂ ಕಾಯಬೇಕಾಗುತ್ತದೆ. ಮರಾಠಿಗರಿಗೂ ಈ ಮಾತು ಅಷ್ಟೇ ಸಲ್ಲುತ್ತದೆ. ಕೋರ್ಟು ಗೆರೆಯನ್ನು ಎಲ್ಲಿಯೇ ಇಡಲಿ, ಎರಡೂ ಮಗ್ಗುಲಿನವರು ಈ ಪಟ್ಟಿಯನ್ನು ಬಿಟ್ಟುಕೊಡದಿದ್ದರೆ ತಂಟೆ ತೀರುವುದಿಲ್ಲ.