ಕುಮಾರೀಪೂಜೆಯೂ ಗರ್ಭಪರೀಕ್ಷೆಯೂ

ನವರಾತ್ರಿಯಲ್ಲಿ ಪುಟ್ಟ ಬಾಲೆಯರನ್ನು ಮಣೆಯ ಮೇಲೆ ಕುಳ್ಳಿರಿಸಿ, ಪಾದ ತೊಳೆದು, ಹೂ ಮುಡಿಸಿ, ಸಾಕ್ಷಾತ್ ದೇವಿಯೆಂದೇ ಪೂಜಿಸುವ ಪದ್ಧತಿ ಈ ದೇಶದಲ್ಲಿ ಪುರಾತನವಾದುದು. ಇದೇ ದೇಶದ 1991ರ ಜನಗಣತಿಯಲ್ಲಿ, ಆರು ವರ್ಷದವರೆಗಿನ ಸಾವಿರ ಗಂಡುಮಕ್ಕಳಿಗೆ 945 ಹೆಣ್ಣುಮಕ್ಕಳಿದ್ದರು. 2001ರಲ್ಲಿ ಆ ಸಂಖ್ಯೆ 927ಕ್ಕೆ ಇಳಿಯಿತು. 2011ರಲ್ಲಿ ಇನ್ನೂ ಕೆಳಗೆ. ಪೂಜೆಯೇನೂ ಕಡಿಮೆಯಾಗಲಿಲ್ಲ, ಮಣೆಯ ಮೇಲೆ ಕೂರಬೇಕಾದವರು ಕಡಿಮೆಯಾದರು.

ಇದಕ್ಕೆ ವಿಜ್ಞಾನವನ್ನೇ ದೂಷಿಸುವವರುಂಟು. ಗರ್ಭದೊಳಗಿನ ದ್ರವವನ್ನು ಸೂಜಿಯಿಂದ ತೆಗೆದು, ಅದರಲ್ಲಿರುವ ಶಿಶುವಿನ ಜೀವಕೋಶಗಳ ವರ್ಣತಂತುಗಳನ್ನು ಪರೀಕ್ಷಿಸುವ ಆಮ್ನಿಯೋಸೆಂಟೆಸಿಸ್ ವಿಧಾನವು 1970ರ ದಶಕದಲ್ಲಿ ಇಲ್ಲಿಗೆ ಬಂದದ್ದು ಆನುವಂಶಿಕ ದೋಷಗಳನ್ನು ಮುಂಚಿತವಾಗಿ ಅರಿಯಲೆಂದು. ಆದರೆ ವರ್ಣತಂತುಗಳು ದೋಷವನ್ನಷ್ಟೇ ಅಲ್ಲದೆ ಲಿಂಗವನ್ನೂ ತಿಳಿಸುತ್ತವೆ. ಮಗು ಗಂಡಾಗುವುದು ತಂದೆಯಿಂದ ಬರುವ ವೈ ವರ್ಣತಂತುವಿನಿಂದ ಎಂಬುದನ್ನೂ ಇದೇ ಶಾಸ್ತ್ರ ಹೇಳುತ್ತದೆ. ಆ ಮಾತನ್ನು ಕೇಳಲು ಯಾರೂ ಹಣ ತೆತ್ತಂತೆ ಕಾಣದು!

ಮಹಾರಾಷ್ಟ್ರವು 1988ರಲ್ಲಿ ಇದಕ್ಕೊಂದು ಶಾಸನ ಮಾಡಿತು. 1994ರಲ್ಲಿ ಕೇಂದ್ರದ ಕಾಯಿದೆ ಬಂದಿತು. 2003ರ ತಿದ್ದುಪಡಿಯು ಗರ್ಭಧಾರಣೆಗೆ ಮುನ್ನವೇ ಲಿಂಗವನ್ನು ಆಯ್ಕೆಮಾಡುವ ತಂತ್ರಗಳನ್ನೂ ನಿಷೇಧಿಸಿತು. ಶಿಶುವಿನ ಲಿಂಗವನ್ನು ಮಾತಿನಿಂದಾಗಲಿ, ಸನ್ನೆಯಿಂದಾಗಲಿ, ಬೇರಾವ ರೀತಿಯಿಂದಾಗಲಿ ಯಾರೂ ತಿಳಿಸಕೂಡದು. ತನ್ನ ಒಡಲಿನ ವಿಷಯವನ್ನು ತಾಯಿಯಿಂದಲೇ ಮರೆಮಾಚುವುದು ನ್ಯಾಯವೇ ಎಂಬ ಆಕ್ಷೇಪವು ಹಗುರವಾದುದಲ್ಲ. ಆದರೆ ಆಕೆ ಸ್ವತಂತ್ರಳಲ್ಲದ ಮನೆಯಲ್ಲಿ ಆ ತಿಳಿವು ಆಕೆಯದಾಗಿ ಉಳಿಯುವುದುಂಟೇ? ಲಿಂಗಪತ್ತೆಗೆ ಗರ್ಭಿಣಿಯನ್ನು ಗಂಡನೋ ಬಂಧುಗಳೋ ಬಲವಂತಪಡಿಸಿದರೆಂದೇ, ಅನ್ಯಥಾ ರುಜುವಾತಾಗುವವರೆಗೆ, ನ್ಯಾಯಾಲಯವು ಭಾವಿಸಬೇಕೆಂದು ಕಾಯಿದೆ ವಿಧಿಸುತ್ತದೆ. ಶಾಸನಕರ್ತರು ಸಂಸಾರವನ್ನು ಬಲ್ಲವರೇ ಸರಿ.

ಇಲ್ಲಿಗೆ ಧರ್ಮಜಿಜ್ಞಾಸೆ ಮುಗಿಯದು. ವರ್ಣತಂತುಗಳ ದೋಷ, ರಕ್ತದ ಆನುವಂಶಿಕ ರೋಗಗಳ ಪತ್ತೆಗೆ ಅದೇ ಸೂಜಿಗೆ ಅನುಮತಿಯಿದೆ. ಹೆಣ್ಣೆಂದು ಶಿಶುವನ್ನು ನಿರಾಕರಿಸುವುದು ಪಾಪವಾದರೆ, ಬುದ್ಧಿ ಮಂದವಾದೀತೆಂದು ನಿರಾಕರಿಸುವುದು ಏನು? ಥಲಸ್ಸೀಮಿಯಾದಿಂದ ಮಗು ಜೀವನಪರ್ಯಂತ ಪರರ ರಕ್ತವನ್ನು ಆಶ್ರಯಿಸಬೇಕಾಗುವುದನ್ನು ಕಂಡ ತಾಯಿಗೆ ನಿಷ್ಠುರವಾದ ಉತ್ತರ ಕೊಡಲಾಗದು. ಡೌನ್ ಸಿಂಡ್ರೋಮ್ ಇರುವ ಮಗುವನ್ನು ಅಕ್ಕರೆಯಿಂದ ಬೆಳೆಸಿದ ತಾಯಿಯ ಮುಂದೆ ಸುಲಭದ ಉತ್ತರವೂ ನಿಲ್ಲದು. ಕಾಯಿದೆ ಇಲ್ಲಿ ಬಾಗಿಲು ತೆರೆದಿಟ್ಟು ಸುಮ್ಮನಾಗಿದೆ.

ಒಂದು ನಿಯಮವನ್ನು ಮಾತ್ರ ಅದು ಬಿಟ್ಟಿಲ್ಲ: ಪರೀಕ್ಷೆಗೆ ಮುನ್ನ ಅದರ ಪರಿಣಾಮಗಳನ್ನು ಗರ್ಭಿಣಿಗೆ ವಿವರಿಸಿ, ಆಕೆಗೆ ಅರ್ಥವಾಗುವ ಭಾಷೆಯಲ್ಲೇ ಲಿಖಿತ ಒಪ್ಪಿಗೆ ಪಡೆಯಬೇಕು. ಊರಿನಿಂದ ಮುಂಬಯಿಗೋ ದೆಹಲಿಗೋ ಸೊಸೆಯಾಗಿ ಬಂದು, ಹಿಂದಿ ಮರಾಠಿಗಳಲ್ಲಿ ಇನ್ನೂ ತಡವರಿಸುತ್ತಿರುವ ಹೆಣ್ಣುಮಗಳ ವಿಷಯದಲ್ಲಿ ಆ ಭಾಷೆ ಕನ್ನಡವೇ. ಆಸ್ಪತ್ರೆಗೆ ಜೊತೆಯಲ್ಲಿ ಹೋಗುವ ಅತ್ತೆಯವರು ಅದನ್ನು ಕೇಳಿ ಪಡೆಯಬಹುದು.