ದೇಶ ಒಂದು ದೇಹವೇ?

2024ರ ಫೆಬ್ರುವರಿ 1ರಂದು ಕೇಂದ್ರದ ಮಧ್ಯಂತರ ಬಜೆಟ್ ಮಂಡನೆಯಾಯಿತು. ತೆರಿಗೆ ಹಂಚಿಕೆಯ ಅನ್ಯಾಯ ಹೀಗೇ ಮುಂದುವರಿದರೆ ದಕ್ಷಿಣದವರು ಪ್ರತ್ಯೇಕ ದೇಶ ಕೇಳಬೇಕಾದೀತು ಎಂದು ಆಗ ಬೆಂಗಳೂರು ಗ್ರಾಮಾಂತರದ ಸಂಸದರಾಗಿದ್ದ ಡಿ.ಕೆ. ಸುರೇಶ್ ಅಂದರು. ಇದು ದೇಶ ಒಡೆಯುವ ಮಾತು ಎಂದು ಬಿಜೆಪಿ ಹರಿಹಾಯ್ದಿತು. ಸುರೇಶ್ ಅವರದೇ ಕಾಂಗ್ರೆಸ್ ಪಕ್ಷದ ಮಲ್ಲಿಕಾರ್ಜುನ ಖರ್ಗೆಯವರೂ ರಾಜ್ಯಸಭೆಯಲ್ಲಿ ಆ ಮಾತನ್ನು ಒಪ್ಪಲಿಲ್ಲ. ಫೆಬ್ರುವರಿ 7ರಂದು ‘ನನ್ನ ತೆರಿಗೆ ನನ್ನ ಹಕ್ಕು’ ಎಂದು ಕರ್ನಾಟಕದ ಮುಖ್ಯಮಂತ್ರಿ ಸಿದ್ದರಾಮಯ್ಯ ದೆಹಲಿಯ ಜಂತರ್ ಮಂತರ್‌ನಲ್ಲಿ ಧರಣಿ ಕೂತರು. ಅದೇ ದಿನ ರಾಜ್ಯಸಭೆಯಲ್ಲಿ ಪ್ರಧಾನಿ ಮೋದಿ, ದೇಶವೆಂದರೆ ಒಂದು ದೇಹ, ಕಾಲಿಗೆ ಮುಳ್ಳು ಚುಚ್ಚಿದರೆ ಕೈ ಸುಮ್ಮನಿರುವುದಿಲ್ಲ ಎಂಬ ಅರ್ಥದಲ್ಲಿ ಮಾತಾಡಿದರು.

ದೇಶವನ್ನು ದೇಹವಾಗಿ ಕಾಣುವ ಈ ಕಲ್ಪನೆ ಬಹಳ ಹಳೆಯದು. ಕ್ರಿ.ಪೂ. 494ರಲ್ಲಿ ಸಾಲದ ಹೊರೆಗೆ ಸಿಕ್ಕಿ ನಲುಗಿದ ರೋಮಿನ ಸಾಮಾನ್ಯರು ಊರನ್ನೇ ಬಿಟ್ಟು ಗುಡ್ಡವೊಂದರ ಮೇಲೆ ಹೋಗಿ ಕೂತರಂತೆ. ಶ್ರೀಮಂತರ ಪರವಾಗಿ ಹೋದ ಮೆನೇನಿಯಸ್ ಅವರಿಗೊಂದು ಕಥೆ ಹೇಳಿದ: ಹೊಟ್ಟೆ ಕೂತು ತಿನ್ನುತ್ತದೆಂದು ಕೈಕಾಲು ಮುನಿಸಿಕೊಂಡು ಅದಕ್ಕೆ ಅನ್ನ ಕೊಡದೆ ಬಿಟ್ಟವು, ಕೊನೆಗೆ ತಾವೇ ಸೊರಗಿದವು. ಆದರೆ ಜನ ಕಥೆಯೊಂದನ್ನೇ ನಂಬಿ ಹಿಂತಿರುಗಲಿಲ್ಲ. ತಮ್ಮ ಪರವಾಗಿ ನಿಲ್ಲುವ ಟ್ರಿಬ್ಯೂನ್ ಎಂಬ ಅಧಿಕಾರಿಗಳನ್ನು ಪಡೆದುಕೊಂಡೇ ಬಂದರು. ಇತಿಹಾಸಕಾರ ಲಿವಿ ಇವೆರಡನ್ನೂ ಬರೆದಿದ್ದಾನೆ. ವೇದಿಕೆಯ ಮೇಲೆ ನಮಗೆ ಕೇಳಸಿಗುವುದು ಹೆಚ್ಚಾಗಿ ಮೊದಲರ್ಧ ಮಾತ್ರ.

ದೇಹದ ಹೋಲಿಕೆಯ ಕೊರತೆ ಇಲ್ಲೇ ಇದೆ. ಕಾಲು ಎಂದೂ ತಲೆಯನ್ನು ಲೆಕ್ಕ ಕೇಳುವುದಿಲ್ಲ; ಪ್ರಜೆ ಕೇಳುತ್ತಾನೆ, ಕೇಳಲೇಬೇಕು. 1882ರಲ್ಲಿ ಫ್ರಾನ್ಸಿನ ಚಿಂತಕ ಅರ್ನೆಸ್ಟ್ ರೆನಾನ್ ರಾಷ್ಟ್ರವನ್ನು ಬೇರೆ ಬಗೆಯಲ್ಲಿ ವಿವರಿಸಿದ. ರಕ್ತವಾಗಲಿ ಭಾಷೆಯಾಗಲಿ ಜನರನ್ನು ಒಂದು ಮಾಡುವುದಿಲ್ಲ. ಕೂಡಿ ಅನುಭವಿಸಿದ ನೆನಪು, ಕೂಡಿ ಬಾಳುತ್ತೇವೆಂಬ ದಿನದಿನದ ಸಮ್ಮತಿ ಒಂದು ಮಾಡುತ್ತವೆ ಎಂದ.

ನಮ್ಮ ಸಂವಿಧಾನ ದೇಹದ ಕಲ್ಪನೆ, ಸಮ್ಮತಿಯ ಕಲ್ಪನೆ ಈ ಎರಡರ ನಡುವೆ ನಿಂತಿದೆ. ರಾಜ್ಯಗಳಿಗೆ ಒಕ್ಕೂಟ ಬಿಡುವ ಹಕ್ಕಿಲ್ಲ ಎಂದು ಅಂಬೇಡ್ಕರ್ 1948ರಲ್ಲೇ ಸ್ಪಷ್ಟಪಡಿಸಿದರು. 1963ರ ಹದಿನಾರನೇ ತಿದ್ದುಪಡಿ ಬಂದ ಮೇಲೆ ಚುನಾವಣೆಗೆ ನಿಲ್ಲುವವರು ದೇಶದ ಅಖಂಡತೆಯ ಪ್ರಮಾಣವನ್ನೂ ಮಾಡಬೇಕಾಯಿತು. ಜೊತೆಗೆ, ತೆರಿಗೆಯ ಪಾಲನ್ನು ಕಾಲಕಾಲಕ್ಕೆ ಮತ್ತೆ ತೂಗಿ ನೋಡಲು 280ನೇ ವಿಧಿ ಹಣಕಾಸು ಆಯೋಗವನ್ನು ಕೊಟ್ಟಿದೆ. ಹೊರಹೋಗುವ ಬಾಗಿಲು ಮುಚ್ಚಿದ ಮನೆಯಲ್ಲಿ ಒಳಗಿನವರ ದೂರನ್ನು ಇನ್ನಷ್ಟು ತಾಳ್ಮೆಯಿಂದ ಕೇಳಬೇಕು. ಹಂಚುವ ತೆರಿಗೆಯಲ್ಲಿ ಕರ್ನಾಟಕದ ಪಾಲು ಹದಿನಾಲ್ಕನೇ ಆಯೋಗದಲ್ಲಿ ಶೇ. 4.713 ಇದ್ದದ್ದು ಹದಿನೈದನೆಯದರಲ್ಲಿ ಶೇ. 3.647ಕ್ಕೆ ಇಳಿಯಿತು. ಏಕೆ ಎಂದು ಕೇಳಿದವರಿಗೆ ಏಕತೆಯ ಪಾಠ ಉತ್ತರವಾಗದು.

ಹಾಗೆಂದು ‘ನನ್ನ ತೆರಿಗೆ ನನಗೇ’ ಎಂಬಲ್ಲಿಗೆ ಹೋದರೆ ಹಾಸನ ಜಿಲ್ಲೆಯ ನಮ್ಮ ಹಿರೀಸಾವೆ ಹೋಬಳಿಯ ಗತಿಯೇನು? ರಾಜ್ಯದ ತೆರಿಗೆಯ ದೊಡ್ಡ ಪಾಲು ಬೆಂಗಳೂರಿನಲ್ಲಿ ಹುಟ್ಟುತ್ತದೆ. ಅಲ್ಲಿಯವರು ಅದೇ ಮಾತಾಡಿದರೆ ನಮ್ಮ ಹೋಬಳಿಯ ಶಾಲೆ, ಆಸ್ಪತ್ರೆ ನಡೆಯುವುದು ಹೇಗೆ? ನಮ್ಮ ಜಿಲ್ಲೆಯ ಗೊರೂರಿನ ಅಣೆಕಟ್ಟೆಯಿಂದ ಹೇಮಾವತಿಯ ನೀರೂ ಕಾಲುವೆಯಲ್ಲಿ ತುಮಕೂರಿನ ಕಡೆಗೆ ಹರಿಯುತ್ತದೆ. ಉಳ್ಳವರು ಇಲ್ಲದವರಿಗೆ ಕೊಡುವುದು ಸರಿ. ಎಷ್ಟು, ಯಾವ ಅಳತೆಯಲ್ಲಿ ಎಂದು ಕೊಡುವವರು ಕೇಳುವುದೂ ಸರಿ.

ಹಾಗೆ ಕೇಳಿದವರೆಲ್ಲ ದೇಶ ಒಡೆಯುವವರಲ್ಲ. ನಮ್ಮ ಜಿಲ್ಲೆಯ ಹರದನಹಳ್ಳಿಯ ದೇವೇಗೌಡರು 1996ರಲ್ಲಿ ಪ್ರಧಾನಿಯಾದದ್ದು ಹಲವು ಪ್ರಾದೇಶಿಕ ಪಕ್ಷಗಳು ಕೂಡಿದ ಸಂಯುಕ್ತ ರಂಗದಿಂದ. ಆ ರಂಗದಲ್ಲಿ ಒಮ್ಮೆ ಪ್ರತ್ಯೇಕ ದ್ರಾವಿಡನಾಡು ಕೇಳಿದ್ದ ತಮಿಳುನಾಡಿನ ಡಿಎಂಕೆಯೂ ಇತ್ತು. ಮತ ಕೇಳಲು ಬಂದವರು ದೇಶದ ಏಕತೆಯ ಮಾತೆತ್ತಿದಾಗ, ಅದು ಯಾವ ಪಕ್ಷವೇ ಆಗಿರಲಿ, ಹಂಚಿಕೆಯ ಲೆಕ್ಕವನ್ನೂ ಹೇಳಿ ಎಂದು ಕೇಳಿ.